ಚಲನಶೀಲ ಪ್ರಚಾರಕ್ಕೆ ಎರಡು ದಿನ ರಜೆ

ಅಳತೆ ಮತ್ತು ತೂಕದ ಇಲಾಖೆಯಲ್ಲಿ ಪ್ರತಿಯೊಂದಕ್ಕೂ ಒಂದು ಅಳತೆ ಇದೆ. ಅಲ್ಲಿ ಅಳತೆಗೆ ಸಿಗದೆ ಉಳಿದದ್ದು ರಜೆ ವಿಭಾಗದ ಷರಾ ಸಾಹೇಬರ ಹಟ ಒಂದೇ. ತಂದೆತಾಯಿ ಇಟ್ಟ ಹೆಸರು ಅವರ ಸೇವಾ ಪುಸ್ತಕದ ಮೊದಲ ಪುಟದಲ್ಲಿ ಭದ್ರವಾಗಿದೆ, ಅಲ್ಲಿಂದ ಆಚೆಗೆ ಬಂದದ್ದಿಲ್ಲ. ಯಾರದೇ ರಜೆ ಅರ್ಜಿ ಬರಲಿ, ಅದರ ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದು ಷರಾ ಗೀಚದೆ ಮುಂದಕ್ಕೆ ಕಳಿಸುವವರಲ್ಲವಾದ್ದರಿಂದ ಆಫೀಸಿಗೂ ಬೀದಿಗೂ ಅವರು ಷರಾ ಸಾಹೇಬರೇ.

ಅವರ ನಿಯಮ ಎರಡು. ಅರ್ಜಿಯಲ್ಲಿ ಇಂಗ್ಲಿಷ್ ಪದ ಇರಕೂಡದು. 'ವೈಯಕ್ತಿಕ ಕಾರಣ' ಎಂಬ ಮಾತಂತೂ ಇರಲೇಕೂಡದು. ಇದ್ದರೆ "ಯಾವ ವ್ಯಕ್ತಿ? ಯಾವ ಕಾರಣ? ಸ್ಪಷ್ಟಪಡಿಸಿ ಮರುಸಲ್ಲಿಸುವುದು" ಎಂಬ ಷರಾ ಹೊತ್ತು ಅರ್ಜಿ ಬಂದ ದಾರಿ ಹಿಡಿಯುತ್ತಿತ್ತು. ಒಮ್ಮೆ ತಪಾಸಣಾಧಿಕಾರಿಯೊಬ್ಬರು ಕುರು ಎದ್ದಿದೆ ಎಂದು ರಜೆ ಕೇಳಿದರು. "ಎಲ್ಲಿ ಎಂಬುದನ್ನು ನಮೂದಿಸಿಲ್ಲ" ಎಂದು ಷರಾ ಬಂತು. ಪಾಪ, ಅವರು ನಮೂದಿಸಿದರು. ಆಮೇಲೆ ಆರು ತಿಂಗಳು ಅವರು ಹೋದಲ್ಲೆಲ್ಲ ಜನ ಎದ್ದು ಮೆತ್ತನೆಯ ಕುರ್ಚಿ ಬಿಟ್ಟುಕೊಡುತ್ತಿದ್ದರು.

ಟಪಾಲು ವಿಭಾಗದ ಗುಮಾಸ್ತೆಯನ್ನು ಎಲ್ಲರೂ ಟಪಾಲಮ್ಮ ಎನ್ನುತ್ತಿದ್ದರು. ಆಕೆಯೂ ಒಮ್ಮೆ ಈ ಷರಾಕ್ಕೆ ಸಿಕ್ಕಿಬಿದ್ದಿದ್ದರು. ಮೂರು ಸಲ ವಾಪಸು ಬಂದ ಅರ್ಜಿಯಲ್ಲಿ ಕೊನೆಗೆ ಹಲ್ಲು ಕಚ್ಚಿಕೊಂಡು "ಗಂಡನೊಡನೆ ಜಗಳವಾಗಿ ತವರಿಗೆ ಹೋಗಲು" ಎಂದು ಬರೆದುಕೊಟ್ಟರು. ಷರಾ ಸಾಹೇಬರು ಅದರ ಅಂಚಿನಲ್ಲಿ "ಕಾರಣ ಸ್ಪಷ್ಟವಾಗಿದೆ" ಎಂದು ಬರೆದರು. ಇದು ನಡೆದು ಒಂಬತ್ತು ವರ್ಷವಾಗಿತ್ತು. ಟಪಾಲಮ್ಮ ಒಂದು ದಿನವೂ ಮರೆತಿರಲಿಲ್ಲ.

ಐವತ್ತೆರಡರ ಷರಾ ಸಾಹೇಬರಿಗೆ ಬದುಕಿನಲ್ಲಿ ಇದ್ದ ಆಸೆ ಒಂದೇ, ಅಧೀಕ್ಷಕರಾಗುವುದು. ಮೂರು ಸಲ ಬಡ್ತಿ ಪಟ್ಟಿಯಲ್ಲಿ ಹೆಸರು ಬಂದು ಮೂರು ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ನಾಲ್ಕನೆಯ ಪಟ್ಟಿ ಈ ತಿಂಗಳ ಕೊನೆಗೆ ಮೇಲಿನ ಕಚೇರಿಗೆ ಹೋಗುವುದಿತ್ತು. ಇದೂ ತಪ್ಪಿದರೆ ಕಿಟಕಿ ಪಕ್ಕದ ಅದೇ ಮೇಜಿನಿಂದ ನೇರವಾಗಿ ಪಿಂಚಣಿಗೆ ಹೋಗುವುದೇ.

ಆಸೆ ಒಂದಿದ್ದ ಹಾಗೆ ಚಟವೂ ಒಂದಿತ್ತು. ದಿನಾ ಸಾಯಂಕಾಲ ಆರರಿಂದ ಎಂಟರವರೆಗೆ, ಇಸ್ತ್ರಿ ಮೇಜು ಇಟ್ಟಿದ್ದ ಸಣ್ಣ ಕೋಣೆಯಲ್ಲಿ ಕೂತು ಅವರು ಯುದ್ಧ ಮಾಡುತ್ತಿದ್ದರು. ಕಂಪ್ಯೂಟರಿನ ಮೇಲಿನ ಯುದ್ಧ. ಅದರಲ್ಲಿ ಹದಿನಾಲ್ಕು ಹಂತ. ಆರು ವರ್ಷದಲ್ಲಿ ನಲವತ್ತೊಂದು ಸಲ ಅವರು ಅದನ್ನು ಮೊದಲಿನಿಂದ ಕೊನೆಯವರೆಗೆ ಗೆದ್ದಿದ್ದರು. ಗೆಲ್ಲದೆ ಏನು ಮಾಡುತ್ತಾರೆ? ಆ ಆಟದಲ್ಲಿ ಶತ್ರು ಮಾಡುವುದೆಲ್ಲ ಮೊದಲೇ ಬರೆದಿಟ್ಟದ್ದು. ಮೂರನೆಯ ನಿಮಿಷಕ್ಕೆ ಗೋದಾಮಿನ ಹಿಂದಿನಿಂದ ಟ್ಯಾಂಕು ಬರುತ್ತದೆ. ಏಳನೆಯ ನಿಮಿಷಕ್ಕೆ ಸೇತುವೆಯ ಮೇಲಿನ ಕಾವಲುಗಾರ ಸೀನುತ್ತಾನೆ. ಷರಾ ಸಾಹೇಬರು ಒಂದು ದಪ್ಪ ನೋಟುಬುಕ್ಕಿನಲ್ಲಿ ಗೆರೆ ಎಳೆದು ಶತ್ರು ಸೈನಿಕರ ಹಾಜರಿ ಪುಸ್ತಕವನ್ನೇ ತಯಾರಿಸಿದ್ದರು. ಆರು ವರ್ಷದಲ್ಲಿ ಒಬ್ಬ ಸೈನಿಕನೂ ಒಂದು ದಿನ ರಜೆ ಹಾಕಿರಲಿಲ್ಲ, ತಡವಾಗಿಯೂ ಬಂದಿರಲಿಲ್ಲ. ಇಂಥ ಸಿಬ್ಬಂದಿ ತಮ್ಮ ಇಲಾಖೆಯಲ್ಲಿಲ್ಲವಲ್ಲ ಎಂದು ಅವರಿಗೆ ನಿಜವಾಗಿಯೂ ಬೇಸರವಾಗುತ್ತಿತ್ತು.

ಇದಕ್ಕೆ ಕಲ್ಲು ಹಾಕಿದವನು ಅವರ ಹೆಂಡತಿಯ ತಮ್ಮ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಈ ಬಾಮೈದ ಒಂದು ಭಾನುವಾರ ಬಂದು ಭಾವನ ನಲವತ್ತೆರಡನೆಯ ವಿಜಯವನ್ನು ಬೆನ್ನ ಹಿಂದೆ ನಿಂತು ನೋಡಿದ.

"ಭಾವ, ಇದು ಯುದ್ಧ ಅಲ್ಲ. ಸ್ಕೂಲ್ ನಾಟಕ. ಎಲ್ಲರೂ ಪಾರ್ಟು ಬಾಯಿಪಾಠ ಮಾಡ್ಕೊಂಡು ಬಂದಿದಾರೆ."

"ನಲವತ್ತೆರಡು ಸಲ ಗೆದ್ದಿದೀನಿ ಕಣೋ. ಸುಮ್ಮನೆ ಆಯ್ತಾ?"

"ಒಂದೇ ನಾಟಕ ನಲವತ್ತೆರಡು ಸಲ ನೋಡಿದ್ರೆ ಅದರ ನಾಯಕಿ ನಿಮ್ಮನ್ನ ಮದುವೆ ಆಗ್ತಾಳಾ? ಇದಕ್ಕೆ ಸ್ಕ್ರಿಪ್ಟೆಡ್ ಕ್ಯಾಂಪೇನ್ ಅಂತಾರೆ. ಗಂಡಸಾದವನು ಆಡಬೇಕಾಗಿರೋದು ಡೈನಮಿಕ್ ಕ್ಯಾಂಪೇನ್. ಅದರಲ್ಲಿ ಯಾರೂ ಏನೂ ಬರೆದಿಟ್ಟಿಲ್ಲ. ನೀವು ಸೇತುವೆ ಹಿಡಿದ್ರೆ ಶತ್ರು ಬೇರೆ ಕಡೆ ನದಿ ದಾಟ್ತಾನೆ. ನೀವು ಅವನ ಡೀಸೆಲ್ ಲಾರಿ ಸುಟ್ಟರೆ ನಾಳೆ ಅವನ ಟ್ಯಾಂಕು ದಾರೀಲಿ ನಿಲ್ಲುತ್ತೆ. ನೀವು ಕಾಫಿಗೆ ಅಂತ ಎದ್ದು ಹೋದ್ರೂ ಯುದ್ಧ ನಡೀತಾನೇ ಇರುತ್ತೆ."

"ನಾನಿಲ್ಲದೆ?"

"ನೀವಿಲ್ಲದೆ."

ಷರಾ ಸಾಹೇಬರಿಗೆ ಇದು ಸರಿಬರಲಿಲ್ಲ. ಇಪ್ಪತ್ತೆರಡು ವರ್ಷದಿಂದ ತಮ್ಮ ಷರಾ ಇಲ್ಲದೆ ಒಂದು ಕಾಗದವೂ ಅಲುಗದ ಜಾಗದಲ್ಲಿ ಕೂತವರು ಅವರು. ತಾವಿಲ್ಲದೆ ನಡೆಯುವ ಯುದ್ಧವನ್ನು ನೋಡಿಯೇ ಬಿಡಬೇಕು ಎಂದು ಹೊಸ ಆಟ ಹಾಕಿಸಿಕೊಂಡರು. ಮೊದಲ ದಿನ ತಮ್ಮ ಪಡೆಯನ್ನೆಲ್ಲ ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ಶತ್ರುವಿಗಾಗಿ ಒಂದೂವರೆ ಗಂಟೆ ಕಾದರು. ಶತ್ರು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ "ಅನಧಿಕೃತ ಗೈರುಹಾಜರಿ" ಎಂದು ಬರೆದು ತಲೆ ಎತ್ತುವಷ್ಟರಲ್ಲಿ ಶತ್ರು ಹಿಂದಿನಿಂದ ಬಂದು ಊರನ್ನೇ ತೆಗೆದುಕೊಂಡಿದ್ದ.

ಅಷ್ಟಾದರೂ ಸುಮ್ಮನಿರಬೇಕಲ್ಲ? ಬಾಮೈದನದು ಹನ್ನೆರಡು ಜನರ ಒಂದು ತಂಡ. ಬೇರೆ ಬೇರೆ ಊರುಗಳಲ್ಲಿ ಕೂತು ಒಟ್ಟಿಗೆ ಆಡುವವರು. ಮುಂದಿನ ಗುರುವಾರ ಬೆಳಗ್ಗೆಯಿಂದ ಶನಿವಾರ ಸಾಯಂಕಾಲದವರೆಗೆ ಅವರದೊಂದು ದೊಡ್ಡ ಯುದ್ಧ ಗೊತ್ತಾಗಿತ್ತು.

"ನಮ್ಮ ಉಗ್ರಾಣ ಕಾಯೋಕೆ ಒಬ್ಬರು ಬೇಕು ಭಾವ. ಹಗಲಿಡೀ ಒಂದೇ ಕಡೆ ಕೂತಿರೋ ಕೆಲಸ. ನಿಮಗೆ ಅಭ್ಯಾಸ ಇದೆ" ಎಂದ ಬಾಮೈದ.

ಶನಿವಾರ ಹೇಗೂ ಬಿಡುವು. ಗುರುವಾರ, ಶುಕ್ರವಾರಕ್ಕೆ ರಜೆ ಬೇಕು. ಇಪ್ಪತ್ತೆರಡು ವರ್ಷ ಬೇರೆಯವರ ರಜೆಗೆ ಅಡ್ಡ ನಿಂತ ಷರಾ ಸಾಹೇಬರು ಈಗ ತಮ್ಮದೇ ಅರ್ಜಿ ಬರೆಯಲು ಕೂತರು.

"ಹೊಟ್ಟೆನೋವು ಅಂತ ಬರೀರಿ" ಎಂದರು ಹೆಂಡತಿ, ಇಸ್ತ್ರಿ ಮಾಡುತ್ತಾ.

"ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆಯೋಕಾಗುತ್ತಾ?"

"ಹಾಗಾದ್ರೆ ವೈಯಕ್ತಿಕ ಕಾರಣ ಅಂತ ಬರೀರಿ."

"ಆ ಅರ್ಜಿ ಯಾರ ಮೇಜಿಗೆ ಬರುತ್ತೆ ಗೊತ್ತಾ? ನನ್ನ ಮೇಜಿಗೆ. ನಾನು ಅದನ್ನ ವಾಪಸ್ ಕಳಿಸಬೇಕಾಗುತ್ತೆ."

"ಆಟ ಆಡೋಕೆ ಅಂತ ಬರೀರಿ ಮತ್ತೆ. ಅದೇ ತಾನೆ ನಿಜ?"

ಷರಾ ಸಾಹೇಬರ ಮುಖ ಕೆಂಪಾಯಿತು. ಬಡ್ತಿ ಪಟ್ಟಿ ಎದುರಿಗಿರುವಾಗ ಐವತ್ತೆರಡರ ಮನುಷ್ಯ ಆಟಕ್ಕೆ ರಜೆ ಕೇಳುವುದೇ? ಸುಳ್ಳೂ ಆಗಬಾರದು, ಮರ್ಯಾದೆಯೂ ಹೋಗಬಾರದು. ಕೊನೆಗೆ ಅವರು ಬರೆದ ಪದ 'ದಂಡಯಾತ್ರೆ'.

ಹೆಂಡತಿ ಹೆಗಲ ಮೇಲಿಂದ ಬಗ್ಗಿ ಓದಿದರು. "ದಂಡಯಾತ್ರೆನೇ ಸರಿ. ಶುದ್ಧ ದಂಡ."

ಆ ಮಾತಿಗೆ ಷರಾ ಸಾಹೇಬರ ಲೇಖನಿ ನಿಂತಿತು. ಅಳತೆ ಮತ್ತು ತೂಕದ ಇಲಾಖೆಯಲ್ಲಿ ದಂಡ ಎಂದರೆ ಒಂದೇ ಅರ್ಥ, ತಕ್ಕಡಿಯಲ್ಲಿ ಮೋಸ ಮಾಡಿದ ಅಂಗಡಿಯವರಿಗೆ ಹಾಕುವ ದಂಡ. ಅದನ್ನು ಹಾಕಲು ಹೊರಟದ್ದೇ ಯಾತ್ರೆ. ರಜೆ ವಿಭಾಗದವನು ತಪಾಸಣಾಧಿಕಾರಿಯ ಕೆಲಸಕ್ಕೆ ಕೈಹಾಕಿದ ಎಂದು ಯಾರಾದರೂ ಆಕ್ಷೇಪಿಸಿದರೆ? ಅವರು ಎದ್ದು ಹೋಗಿ ಇಲಾಖೆಯ ಪದಕೋಶ ತೆಗೆದರು. ಅದರಲ್ಲಿ 'ಕ್ಯಾಂಪೇನ್' ಎಂಬುದಕ್ಕೆ ಒಂದೇ ಪದ ಕೊಟ್ಟಿತ್ತು. ಪದಕೋಶದಲ್ಲಿದ್ದ ಮೇಲೆ ಮುಗಿಯಿತು. ಮರುದಿನ ಅವರು ಕೊಟ್ಟ ಅರ್ಜಿ ಹೀಗಿತ್ತು:

"ನಾನು ಇದುವರೆಗೆ ನಡೆಸಿಕೊಂಡು ಬಂದಿದ್ದ ಲಿಖಿತ ಪ್ರಚಾರಾಂದೋಲನವನ್ನು ಕೈಬಿಟ್ಟು, ಚಲನಶೀಲ ಪ್ರಚಾರಾಂದೋಲನದಲ್ಲಿ ತಂಡದೊಂದಿಗೆ ತೊಡಗಬೇಕಾಗಿರುವ ಪ್ರಯುಕ್ತ, ಗುರುವಾರ ಮತ್ತು ಶುಕ್ರವಾರ ಎರಡು ದಿನದ ರಜೆ ಮಂಜೂರು ಮಾಡಬೇಕಾಗಿ ಕೋರಿಕೆ."

ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, "ಕಾರಣ ಸ್ಪಷ್ಟವಾಗಿದೆ. ಶಿಫಾರಸು ಮಾಡಿದೆ."

ಎಲ್ಲ ಸರಿ. ಆದರೆ ಪುರಸಭೆಯ ಚುನಾವಣೆಗೆ ಹದಿನೇಳು ದಿನ ಉಳಿದಿದೆ ಎಂಬುದು ಮಾತ್ರ ಅವರ ತಲೆಯಲ್ಲಿರಲಿಲ್ಲ. ಪ್ರಚಾರದಲ್ಲಿ ತೊಡಗಿದ ನೌಕರರನ್ನು ಅಮಾನತು ಮಾಡಲಾಗುವುದು, ಬಡ್ತಿ ತಡೆಯಲಾಗುವುದು ಎಂಬ ಸುತ್ತೋಲೆ ಹೋದ ವಾರವೇ ಬಂದಿತ್ತು. "ಎಲ್ಲರೂ ಓದಿ ಸಹಿ ಮಾಡತಕ್ಕದ್ದು" ಎಂದು ಅದರ ಮೇಲೆ ಷರಾ ಬರೆದು ಕೋಣೆಯಿಂದ ಕೋಣೆಗೆ ಕಳಿಸಿದವರೂ ಅವರೇ. ಪರರಿಗೆ ಹೇಳಿದ ಬುದ್ಧಿ ಮನೆಯೊಳಗೆ ಬರುವುದಿಲ್ಲ.

ಟಪಾಲಮ್ಮ ಅರ್ಜಿಯನ್ನು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಬಹಳ ಅಂದವಾದ ಅಕ್ಷರದಲ್ಲಿ ವಹಿಗೆ ಏರಿಸಿ, ಪ್ರವಾಸದಲ್ಲಿದ್ದ ಉಪನಿರ್ದೇಶಕರ ಮೇಜಿನ ಮೇಲೆ ಎಲ್ಲಕ್ಕಿಂತ ಮೇಲೆ ಇಟ್ಟುಬಂದರು. ಆಕೆಯ ಬಾಯಿ ಗಟ್ಟಿ. ಒಬ್ಬರಿಗೆ ಮಾತ್ರ ಹೇಳಿದರು. ಆ ಒಬ್ಬರು ಆಕೆಗೆ ರವಿಕೆ ಹೊಲಿಯುವ ದರ್ಜಿ, ಷರಾ ಸಾಹೇಬರ ಪಕ್ಕದ ಮನೆಯವರು.

ಗುರುವಾರ ಬೆಳಗ್ಗೆ ಹತ್ತೂವರೆಗೆ ಷರಾ ಸಾಹೇಬರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಉಗ್ರಾಣ ಕಾಯುತ್ತಿದ್ದಾಗ ದರ್ಜಿ ಬಂದರು. ಹೆಂಡತಿ ಅಡುಗೆಮನೆಯಲ್ಲಿದ್ದರು. ಷರಾ ಸಾಹೇಬರೇ ಎದ್ದು ಹೋಗಿ ಬಾಗಿಲು ತೆಗೆದರು.

"ಸಾಹೇಬ್ರೆ, ವಿಷಯ ಗೊತ್ತಾಯ್ತು. ಬಹಳ ಸಂತೋಷ" ಎಂದು ದರ್ಜಿ ಕೈ ಹಿಡಿದು ಕುಲುಕಿದರು.

"ಯಾರು ಹೇಳಿದ್ರು ನಿಮಗೆ?" ಷರಾ ಸಾಹೇಬರಿಗೆ ನಾಚಿಕೆಯಾಯಿತು.

"ಬಚ್ಚಿಡೋ ವಿಷಯಾನಾ ಇದು? ಹೇಗೆ ನಡೀತಿದೆ?"

"ಪರವಾಗಿಲ್ಲ. ಉತ್ತರದ ಕಡೆ ನಮ್ಮದೇ. ದಕ್ಷಿಣದ ಕಡೆ ಸ್ವಲ್ಪ ಕಷ್ಟ."

"ದಕ್ಷಿಣದ ಬೀದಿಗಳೆಲ್ಲ ಹಾಲಿ ಮೆಂಬರ್ ಕಡೆ ಅಲ್ವಾ, ಕಷ್ಟಾನೇ" ಎಂದರು ದರ್ಜಿ, ತಲೆಯಾಡಿಸುತ್ತಾ.

ಷರಾ ಸಾಹೇಬರ ಕಿವಿ ಅರ್ಧ ಹೆಡ್‌ಫೋನಿನೊಳಗಿತ್ತು, ಆ ಮಾತು ಪೂರ್ತಿ ಕೇಳಲಿಲ್ಲ. "ಹಿಂದೆಲ್ಲ ಹೀಗಿರಲಿಲ್ಲ ನೋಡಿ. ಯಾರು ಎಲ್ಲಿಂದ ಬರ್ತಾರೆ, ಯಾರು ಬೀಳ್ತಾರೆ, ಯಾರು ಗೆಲ್ತಾರೆ, ಎಲ್ಲ ಮೊದಲೇ ಬರೆದಿಟ್ಟಿರ್ತಿದ್ರು. ನಾವು ಸುಮ್ಮನೆ ಆಡಿದ ಹಾಗೆ ಮಾಡೋದು ಅಷ್ಟೇ."

ದರ್ಜಿ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. "ನಮಗೂ ಆ ಅನುಮಾನ ಇತ್ತು ಸಾಹೇಬ್ರೆ. ಬಾಯಿಬಿಟ್ಟು ಹೇಳಿದವರು ನೀವೇ ಮೊದಲು."

"ಈ ಸಲ ಹಾಗಲ್ಲ. ಏನು ಬೇಕಾದ್ರೂ ಆಗಬಹುದು."

"ಆಗಬೇಕು! ಅಂದ ಹಾಗೆ, ನಮ್ಮನೆ ಮುಂದಿನ ಚರಂಡಿ ನಾಲ್ಕು ವರ್ಷದಿಂದ ಕಟ್ಕೊಂಡಿದೆ..."

ಅಷ್ಟರಲ್ಲಿ ಹೆಡ್‌ಫೋನಿನೊಳಗೆ ಬಾಮೈದ ಕೂಗಿಕೊಂಡ. "ಭಾವ! ಎಲ್ಲಿದೀರಾ? ಉಗ್ರಾಣ ಉರೀತಿದೆ!"

"ಆಯ್ತು ಆಯ್ತು, ನೋಡ್ತೀನಿ" ಎಂದು ಷರಾ ಸಾಹೇಬರು ಒಳಗೆ ಓಡಿದರು. ಇದು ಬಾಮೈದನಿಗೆ ಹೇಳಿದ್ದು. ದರ್ಜಿ ಮಾತ್ರ ಬೀದಿಗಿಳಿದು, ಸಾಹೇಬರು ಚರಂಡಿ ಮಾಡಿಸಿಕೊಡಲು ಒಪ್ಪಿದರು, ಹೆಚ್ಚು ಮಾತಿಲ್ಲ, ಕೆಲಸಗಾರ ಮನುಷ್ಯ ಎಂದು ಸಾರಿದರು.

ಸಂಜೆಯೊಳಗೆ ಹನ್ನೊಂದು ಜನ ಬಂದುಹೋದರು. ಬೀದಿದೀಪ ಬೇಕೆಂದವರು, ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆಂದವರು, ಎದುರುಮನೆಯ ನಾಯಿ ಬೊಗಳುತ್ತದೆಂದವರು, ಆ ನಾಯಿಯ ಒಡೆಯರು. ಹೆಂಡತಿಗೆ ಆಶ್ಚರ್ಯವಾಗಲಿಲ್ಲ. ಬಡ್ತಿಯ ಸುದ್ದಿ ಊರಿಗೆಲ್ಲ ಗೊತ್ತಾಗಿರಬೇಕು, ಅಧೀಕ್ಷಕರೆಂದರೆ ಸಣ್ಣ ಮಾತೇ ಎಂದುಕೊಂಡು, ಬಂದವರ ಬೇಡಿಕೆಗಳನ್ನೆಲ್ಲ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡರು. ಷರಾ ಸಾಹೇಬರು ಒಮ್ಮೊಮ್ಮೆ ಎದ್ದು ಬಂದು ಎಲ್ಲರಿಗೂ "ನೋಡ್ತೀನಿ" ಎಂದರು. ಅವರು ಎದ್ದಾಗಲೆಲ್ಲ ಶತ್ರು ಉಗ್ರಾಣದ ಇನ್ನೊಂದು ಗೋಡೆ ಕೆಡವಿದ.

ಶುಕ್ರವಾರ ಮಧ್ಯಾಹ್ನ ಹಾಲಿ ಮೆಂಬರೇ ಬಂದರು. ಹದಿನೈದು ವರ್ಷದಿಂದ ಆ ಬೀದಿಗಳನ್ನು ಆಳಿದ ದೊಡ್ಡ ಮೈಕಟ್ಟಿನ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು ನಗಲು ನೋಡಿದರು.

"ನಿಮ್ಮಂಥ ಸಂಭಾವಿತರು ಹೀಗೆ ಒಳಗೊಳಗೇ ಕ್ಯಾಂಪೇನ್ ಮಾಡ್ತೀರಿ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ."

ಇವರೂ ಆಡುವವರಿರಬೇಕು ಎಂದುಕೊಂಡರು ಷರಾ ಸಾಹೇಬರು. ಮುಖ ಅರಳಿತು. "ನಿಮಗೂ ಆಸಕ್ತಿ ಇದೆಯಾ?"

"ನನಗೆ ಆಸಕ್ತಿ ಇಲ್ಲದೆ ಇನ್ಯಾರಿಗೆ? ನಿಮ್ಮ ಕಡೆ ಎಷ್ಟು ಜನ ಇದಾರೆ?"

"ನನ್ನನ್ನೂ ಸೇರಿಸಿ ಹದಿಮೂರು. ಕೆಲವರ ಮುಖಾನೇ ನಾನು ನೋಡಿಲ್ಲ. ಒಬ್ಬರು ಹಲ್ಲಿನ ಡಾಕ್ಟರಂತೆ. ಒಬ್ಬರು ಅಜ್ಜಿ, ಎಪ್ಪತ್ತು ವಯಸ್ಸು."

"ಅಜ್ಜೀನೂ ಇಳಿಸಿದೀರಾ!"

"ಅವರೇ ಎಲ್ಲರಿಗಿಂತ ಭಯಂಕರ. ಇವತ್ತು ಬೆಳಗ್ಗೆ ತಿಂಡಿಗೆ ಮುಂಚೆ ಇಬ್ಬರನ್ನ ಮುಗಿಸಿದ್ರು."

ಮೆಂಬರ್ ಕರವಸ್ತ್ರ ತೆಗೆದರು. "ಮುಗಿಸಿದ್ರು ಅಂದ್ರೆ?"

"ಮುಗಿಸಿದ್ರು ಅಂದ್ರೆ ಮುಗಿಸಿದ್ರು. ಮನೆ ಮನೆಗೂ ನುಗ್ಗಿ ಬರೋರು ಅವರು. ನಾನು ಪಾಪ, ಸಾಮಾನು ಕಾಯೋನು."

"ಯಾವ ಸಾಮಾನು?"

"ಮದ್ದುಗುಂಡು" ಎಂದರು ಷರಾ ಸಾಹೇಬರು, ಸಹಜವಾಗಿ.

ಮೆಂಬರ್ ಎದ್ದರು. ತಂದಿಟ್ಟ ಕಾಫಿ ಮುಟ್ಟಲಿಲ್ಲ. ಮೆಟ್ಟಿಲಿಳಿಯುವಾಗ ಚಪ್ಪಲಿ ಅದಲುಬದಲಾದದ್ದೂ ಗೊತ್ತಾಗಲಿಲ್ಲ. ಆ ಸಂಜೆಯೇ ಅವರ ದೂರು, ನಾಲ್ಕು ಪುಟ, ಅಳತೆ ಮತ್ತು ತೂಕದ ಇಲಾಖೆಗೆ ತಲುಪಿತು. ಟಪಾಲಮ್ಮ ಅದನ್ನೂ ಅಂದವಾಗಿ ವಹಿಗೆ ಏರಿಸಿದರು.

ಯುದ್ಧ ಏನಾಯಿತೆಂದರೆ, ಶನಿವಾರ ಸಾಯಂಕಾಲ ಬಾಮೈದನ ತಂಡ ಸೋತಿತು. ಉಗ್ರಾಣ ಉರಿದದ್ದೇ ಕಾರಣ ಎಂದು ಅಜ್ಜಿ ಹೇಳಿದರು. ಬೇರೆ ಮಾತುಗಳನ್ನೂ ಹೇಳಿದರು, ಅವನ್ನು ಇಲ್ಲಿ ಬರೆಯುವಂತಿಲ್ಲ.

ಸೋಮವಾರ ಷರಾ ಸಾಹೇಬರ ಮೇಜಿನ ಮೇಲೆ ನೋಟೀಸು ಕಾದಿತ್ತು. ನೀತಿ ಸಂಹಿತೆ ಉಲ್ಲಂಘಿಸಿ ಪ್ರಚಾರಾಂದೋಲನದಲ್ಲಿ ತೊಡಗಿದ್ದಕ್ಕೆ ಏಕೆ ಕ್ರಮ ಜರುಗಿಸಬಾರದು? ಇದು ಇತ್ಯರ್ಥವಾಗುವವರೆಗೆ ಬಡ್ತಿ ಪಟ್ಟಿಯಿಂದ ಹೆಸರು ತಡೆಹಿಡಿಯಲಾಗಿದೆ. ಆ ಕೊನೆಯ ಸಾಲು ಓದುವಾಗ ಅವರಿಗೆ ಹೆದರಿಕೆಯಾಯಿತು. ತಪ್ಪೇನೆಂದೇ ಅವರಿಗೆ ಹೊಳೆಯಲಿಲ್ಲ. ರಜೆ ಕೇಳಿದ್ದು ನಿಜ, ಕಾರಣ ಬರೆದದ್ದೂ ನಿಜ. ಆಟಕ್ಕೂ ನೀತಿ ಸಂಹಿತೆ ಇದೆಯೇ?

ಆದರೆ ಹತ್ತು ನಿಮಿಷದಲ್ಲಿ ಚೇತರಿಸಿಕೊಂಡರು. ಇಂಥ ಹದಿನಾಲ್ಕು ಪ್ರಕರಣಗಳ ಕಡತ ಅವರ ಕೈಮೇಲೆ ಹಾದುಹೋಗಿತ್ತು. ನೋಟೀಸು, ಏಳು ದಿನದಲ್ಲಿ ಉತ್ತರ, ಹದಿನೈದು ದಿನ ಬಿಟ್ಟು ವ್ಯಕ್ತಿಶಃ ವಿಚಾರಣೆ, ಒಂದು ಎಚ್ಚರಿಕೆ, ಮುಕ್ತಾಯ. ಎಲ್ಲ ಗೊತ್ತಿದ್ದದ್ದೇ. ಉತ್ತರದ ಮೊದಲ ಸಾಲಿಗೆ ಯಾವ ಪದ ಶುದ್ಧ ಎಂದು ಯೋಚಿಸುತ್ತಾ ಪದಕೋಶಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಬಾಗಿಲಲ್ಲಿ ಉಪನಿರ್ದೇಶಕರೇ ನಿಂತಿದ್ದರು. ಗಿಡ್ಡಗೆ, ತೆಳ್ಳಗೆ ಇದ್ದ ಆ ಮೇಡಂ ಯಾರ ಕೋಣೆಗೂ ತಾವಾಗಿ ಬಂದದ್ದನ್ನು ಯಾರೂ ನೋಡಿರಲಿಲ್ಲ.

"ಉತ್ತರ ಗಿತ್ತರ ಆಮೇಲೆ. ಈಗ ಒಳಗೆ ಬನ್ನಿ."

"ಮೇಡಂ, ಏಳು ದಿನ..."

"ಈಗ."

ಷರಾ ಸಾಹೇಬರು ಎದ್ದರು. ಪದಕೋಶವನ್ನು ಎದೆಗೆ ಅವುಚಿಕೊಂಡೇ ಹೋದರು.

ಮೇಡಂ ಕೋಣೆಯಲ್ಲಿ ಹೇಳಿಕೆ ಬರೆದುಕೊಳ್ಳಲು ಟಪಾಲಮ್ಮ ಆಗಲೇ ಲೇಖನಿ ಹಿಡಿದು ಕೂತಿದ್ದರು. ಒಂಬತ್ತು ವರ್ಷ ಕಾದವರಿಗೆ ಒಂದು ಗಳಿಗೆಯೂ ತಡವಾಗಬಾರದಲ್ಲ.

"ಪ್ರಚಾರ ನಡೆಸಿದ್ದು ನಿಜಾನಾ?" ಎಂದರು ಮೇಡಂ.

"ನಿಜ ಮೇಡಂ. ಅರ್ಜಿಯಲ್ಲೇ ಬರೆದಿದೀನಿ."

"ಎಷ್ಟು ದಿನದಿಂದ?"

"ಆರು ವರ್ಷದಿಂದ."

"ಆರು ವರ್ಷ! ಸರ್ಕಾರಿ ಕೆಲಸದಲ್ಲಿದ್ದುಕೊಂಡು?"

"ಆಫೀಸ್ ಸಮಯದಲ್ಲಿ ಒಂದು ನಿಮಿಷ ಮಾಡಿಲ್ಲ ಮೇಡಂ. ಸಾಯಂಕಾಲ ಆರರಿಂದ ಎಂಟು. ನಲವತ್ತೆರಡು ಸಲ ಗೆದ್ದೂ ಇದೀನಿ."

"ಎಲ್ಲಿಂದ ಗೆದ್ರಿ?"

"ಮನೆಯಿಂದಲೇ."

ಮೇಡಂ ಟಪಾಲಮ್ಮನ ಮುಖ ನೋಡಿದರು. ಟಪಾಲಮ್ಮ ಬರೆಯುತ್ತಲೇ ಇದ್ದರು.

"ನೋಡಿ, ನೇರವಾಗಿ ಕೇಳ್ತೀನಿ. ಈ ಚುನಾವಣೆಗೆ ನೀವೇ ನಿಂತಿದೀರೋ, ಬೇರೆ ಯಾರನ್ನಾದ್ರೂ ನಿಲ್ಲಿಸಿದೀರೋ?"

"ಚುನಾವಣೆ? ಯಾವ ಚುನಾವಣೆ ಮೇಡಂ?"

ಮೇಡಂ ಸುತ್ತೋಲೆಯನ್ನು ಮುಂದೆ ತಳ್ಳಿದರು. ಅದರ ಮೇಲೆ ಅವರದೇ ಕೆಂಪು ಶಾಯಿ. ಷರಾ ಸಾಹೇಬರು ಓದಿದರು. ದರ್ಜಿಯ ಚರಂಡಿ, ಬೊಗಳುವ ನಾಯಿ, ಬೆವರು ಒರೆಸಿಕೊಂಡ ಮೆಂಬರ್, ಒಂದೊಂದಾಗಿ ಎಲ್ಲವೂ ಅರ್ಥವಾಯಿತು. ಒಂದು ಕಡೆ ಅಮಾನತು, ಇನ್ನೊಂದು ಕಡೆ ಅವಮಾನ. ಅವಮಾನಕ್ಕೆ ಸಂಬಳ ನಿಲ್ಲುವುದಿಲ್ಲ ಎಂದು ಲೆಕ್ಕ ಹಾಕಿ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟರು.

"ಅದು ಕಂಪ್ಯೂಟರ್ ಗೇಮ್, ಮೇಡಂ. ಯುದ್ಧದ್ದು. ಅದರಲ್ಲಿ ಸ್ಕ್ರಿಪ್ಟೆಡ್ ಅಂತ ಒಂದು, ಡೈನಮಿಕ್ ಅಂತ ಒಂದು."

ಟಪಾಲಮ್ಮ ತಲೆಯೆತ್ತಿದರು. "ಸರ್, ಇಷ್ಟೊಂದು ಇಂಗ್ಲಿಷ್ ಪದ ಬರೀಬಹುದಾ? ನೀವೇ ಹೇಳಬೇಕು."

ಮೇಡಂಗೆ ಪೂರ್ತಿ ನಂಬಿಕೆ ಬರಲಿಲ್ಲ. ಆಟಕ್ಕೆ ಯಾರಾದರೂ ಪ್ರಚಾರಾಂದೋಲನ ಎನ್ನುತ್ತಾರೆಯೇ? ಮೆಂಬರ್ ಕೊಟ್ಟ ದೂರಿನಲ್ಲಿ ಇಬ್ಬರನ್ನು ಮುಗಿಸಿದ ಅಜ್ಜಿ ಬೇರೆ ಇದ್ದಾಳೆ. "ಹಾಗಿದ್ರೆ ತೋರಿಸಿ" ಎಂದರು.

ಕನ್ನಡಕದ ಅಂಗಡಿ ಮುಚ್ಚಿ ಬಾಮೈದ ಓಡೋಡಿ ಬಂದ. ಸಭಾಂಗಣದ ಬಿಳಿ ಗೋಡೆಯ ಮೇಲೆ ಯುದ್ಧಭೂಮಿ ಮೂಡಿತು. ಮೂವತ್ತನಾಲ್ಕು ಜನ ಸಿಬ್ಬಂದಿ, ತಕ್ಕಡಿ ಮುದ್ರೆ ಹಾಕಿಸಿಕೊಳ್ಳಲು ಬಂದಿದ್ದ ಐದು ಅಂಗಡಿಯವರು, ಎಲ್ಲರೂ ನೆರೆದರು. ಕುರುವಿನ ಅಧಿಕಾರಿ ಮುಂದಿನ ಸಾಲಿನಲ್ಲೇ ಕೂತರು. ಷರಾ ಸಾಹೇಬರು ಮೌಸ್ ಹಿಡಿದು, ತಮ್ಮ ಪಡೆಯನ್ನೆಲ್ಲ ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದರು.

"ಅಲ್ಲಿ ಯಾಕೆ ನಿಂತಿದೀರಿ?" ಮೇಡಂ ಕೇಳಿದರು.

"ಶತ್ರು ಇಲ್ಲಿಗೇ ಬರ್ತಾನೆ ಮೇಡಂ."

"ಯಾರು ಹೇಳಿದ್ರು?"

"ಹಳೇ ಆಟದಲ್ಲಿ ಬರ್ತಿದ್ದ."

ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಗೋಡೆಯ ಎಡತುದಿಯಲ್ಲಿ ಧೂಳೆದ್ದಿತು.

"ಎಡಗಡೆ ಸಾರ್, ಎಡಗಡೆ!" ಎಂದು ಅಂಗಡಿಯವನೊಬ್ಬ ಕೂಗಿದ.

"ಅದು ನಮ್ಮ ಮಾರ್ಗದಲ್ಲಿಲ್ಲ" ಎಂದರು ಷರಾ ಸಾಹೇಬರು.

"ಅಯ್ಯೋ, ನದಿ ದಾಟ್ತಿದಾರೆ! ಅರ್ಧ ಜನಾನಾದ್ರೂ ಆ ಕಡೆ ಕಳಿಸ್ರೀ!" ಕೂಗಿದ್ದು ಯಾರೆಂದು ತಿರುಗಿ ನೋಡಿದರೆ ಉಪನಿರ್ದೇಶಕರು. ಕುರ್ಚಿಯಿಂದ ಎದ್ದು ನಿಂತಿದ್ದರು.

ಷರಾ ಸಾಹೇಬರು ಅರ್ಧ ಪಡೆಗೆ ಅಪ್ಪಣೆ ಕೊಟ್ಟರು. ಅವರು ಹೊರಟು, ಅರ್ಧ ದಾರಿಗೆ ಹೋದ ಮೇಲೆ ಇವರಿಗೆ ಅನುಮಾನ ಬಂದು ವಾಪಸು ಕರೆದರು. ಬಂದರು. ಮತ್ತೆ ಕಳಿಸಿದರು. ಮೂರನೆಯ ಸಲ ಕರೆಯುವಾಗ ಕರೆಯಲು ಯಾರೂ ಉಳಿದಿರಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಊರು ಹೋಯಿತು, ಸೇತುವೆ ಹೋಯಿತು, ಷರಾ ಸಾಹೇಬರೂ ಹೋದರು. ಸಭಾಂಗಣದಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಟಪಾಲಮ್ಮ ಮೆಲ್ಲನೆ ಒಂದು ಲೋಟ ನೀರು ತಂದು ಅವರ ಮುಂದಿಟ್ಟರು.

ಮೂರು ದಿನ ಷರಾ ಸಾಹೇಬರು ಯಾರ ಅರ್ಜಿಗೂ ಷರಾ ಬರೆಯಲಿಲ್ಲ. ಇಲಾಖೆಯ ಅರ್ಧ ಜನ ಆ ಮೂರು ದಿನದಲ್ಲೇ ರಜೆ ಮಂಜೂರು ಮಾಡಿಸಿಕೊಂಡರು. ಮನೆಗೆ ಬಂದರೆ ಸಣ್ಣ ಕೋಣೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಊಟಕ್ಕೆ ಕೂತರೆ ಅನ್ನ ಕಲಸಿಕೊಂಡು ಹಾಗೇ ಕೂತಿರುತ್ತಿದ್ದರು. "ಹೋಗಲಿ ಬಿಡ್ರಿ, ಈಗಿರೋ ಕೆಲಸವೇ ಸಾಕು" ಎಂದು ಹೆಂಡತಿ ಎರಡು ಸಲ ಹೇಳಿದರು. ಚುನಾವಣೆಗೆ ನಿಲ್ಲುವುದಿಲ್ಲ ಎಂದು ತಿಳಿದ ಬೀದಿಯವರು ಮಾತು ಬಿಟ್ಟಿದ್ದರು. ದರ್ಜಿಯಂತೂ, ಸಾಹೇಬರು ಹಾಲಿ ಮೆಂಬರ್ ಕೈಗೆ ತಮ್ಮನ್ನು ಮಾರಿಕೊಂಡುಬಿಟ್ಟರು ಎಂದೇ ನಂಬಿದ್ದರು.

ಶುಕ್ರವಾರ ಸಾಯಂಕಾಲ ಷರಾ ಸಾಹೇಬರು ಒಂದು ಲಕೋಟೆ ತಂದು ಹೆಂಡತಿಯ ಕೈಗಿಟ್ಟು, ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತರು.

"ಬಡ್ತಿ ಸಿಕ್ಕ ಹಾಗೇ" ಎಂದರು.

"ಸಿಕ್ತಾ! ಮತ್ತೆ ಮುಖ ಯಾಕೆ ಹೀಗಿದೆ?"

"ಓದು."

ಹೆಂಡತಿ ಬಾಗಿಲ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು.

"ಸದರಿ ನೌಕರರ ಮೇಲಿನ ಪ್ರಚಾರದ ಆರೋಪವನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಇವರು ಯಾರನ್ನೂ ಎಲ್ಲಿಗೂ ಮುನ್ನಡೆಸಲು, ಯಾವುದೇ ವಿಷಯದಲ್ಲಿ ಸ್ವಂತ ತೀರ್ಮಾನ ಕೈಗೊಳ್ಳಲು, ಕೈಗೊಂಡ ತೀರ್ಮಾನಕ್ಕೆ ಎರಡು ನಿಮಿಷ ಅಂಟಿಕೊಂಡಿರಲು ಸಂಪೂರ್ಣವಾಗಿ ಅಸಮರ್ಥರೆಂಬುದನ್ನು ನಾನು ಹಾಗೂ ಮೂವತ್ತನಾಲ್ಕು ಸಾಕ್ಷಿಗಳು ಕಣ್ಣಾರೆ ಕಂಡಿದ್ದೇವೆ. ಆದ್ದರಿಂದ ಆರೋಪವನ್ನು ಕೈಬಿಟ್ಟು, ಸದರಿಯವರಿಗೆ ಅಧೀಕ್ಷಕ ಹುದ್ದೆಗೆ ಬಡ್ತಿ ನೀಡಲು ಯಾವ ಅಡ್ಡಿಯೂ ಇಲ್ಲವೆಂದು ಶಿಫಾರಸು ಮಾಡಿದೆ."

ಹೆಂಡತಿ ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಕಾಗದವನ್ನು ಜೋಪಾನವಾಗಿ ಮಡಚಿ ಲಕೋಟೆಯೊಳಗೆ ಹಾಕಿದರು.

"ಜಾಣೆ ಕಣ್ರೀ ನಿಮ್ಮ ಮೇಡಂ" ಎಂದರು. "ನನಗೆ ಇಪ್ಪತ್ತೆಂಟು ವರ್ಷ ಹಿಡಿದಿದ್ದು ಅವರಿಗೆ ಹನ್ನೊಂದೇ ನಿಮಿಷದಲ್ಲಿ ಗೊತ್ತಾಗಿದೆ."